ಜಡ್ಜಿ ಇಲ್ಲದ ಸೋಮವಾರ

“ಆ ಸೋಮವಾರ ನಾನು ಟಾಲ್ಬಟ್‌ನಲ್ಲೇ ಇರ್ಲಿಲ್ಲ ಸ್ವಾಮಿ. ಹಾರ್ಲೋಗೆ ಕೋರ್ಟು ನೋಡೋಕ್ಕೆ ಹೋಗಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ,” ಎಂದ ಕ್ಯಾಲೆಬ್ ವೈಯೆಟ್.

ನನ್ನ ಎದೆ ಧಡಕ್ಕೆಂದಿತು. ಹೆದರಿಕೆಯಿಂದಲ್ಲ, ಖುಷಿಯಿಂದ. ಮೇಜಿನ ಮೇಲೆ ಹತ್ತಿ ಕುಣಿದುಬಿಡೋಣ ಅನ್ನಿಸಿತು. ಮೂರು ದಿನದಿಂದ ನಾನು ಹೊಂಚು ಹಾಕಿಕೊಂಡಿದ್ದ ಇಲಿ ತಾನಾಗಿಯೇ ನಡೆದುಬಂದು ಬೋನಿನೊಳಗೆ ಕೂತಿತ್ತು.

ಏಕೆಂದರೆ ಆ ಸೋಮವಾರ ಹಾರ್ಲೋದಲ್ಲಿ ಕೋರ್ಟೇ ನಡೆದಿರಲಿಲ್ಲ. ಅದು ನನಗೆ ಗೊತ್ತಿತ್ತು, ಎದುರು ಕುರ್ಚಿಯ ಸರ್ಕಾರಿ ವಕೀಲ ಡೆಲನಿಗೆ ಗೊತ್ತಿತ್ತು, ಎತ್ತರದ ಪೀಠದ ಮೇಲೆ ಕೂತು ಬೆವರೊರೆಸಿಕೊಳ್ಳುತ್ತಿದ್ದ ಜಡ್ಜಿ ಸ್ಟ್ರೌಡ್ ಅವರಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಗಿರಣಿಯ ಈಬೆನ್ ಹ್ಯಾಚ್ ಸತ್ತದ್ದು ಅದೇ ಸೋಮವಾರ ಮಧ್ಯಾಹ್ನ. ಬೀಸುಕಲ್ಲು ಎತ್ತುವ ಕಬ್ಬಿಣದ ಹಾರೆಯಿಂದ ಯಾರೋ ಅವನ ತಲೆಗೆ ಹೊಡೆದಿದ್ದರು. ಗಿರಣಿಯ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ: ಹ್ಯಾಚ್ ಮತ್ತು ಅವನ ಪಾಲುದಾರ ವೈಯೆಟ್. ಆದರೂ ಊರು ಬೆರಳು ತೋರಿಸಿದ್ದು ನನ್ನ ಪಕ್ಕದಲ್ಲಿ ಕೂತಿದ್ದ ವಿಧವೆ ಹುಲ್ಡಾ ಬೀಸ್ಲಿಯ ಕಡೆಗೆ. ಹ್ಯಾಚ್ ಕಟ್ಟಿಸಿದ ಒಡ್ಡಿನಿಂದ ಅವಳ ಜೋಳದ ಹೊಲ ಮುಳುಗಿತ್ತು. “ಆ ಬೀಸುಕಲ್ಲನ್ನೇ ನಿನ್ನ ಕೊರಳಿಗೆ ಕಟ್ತೀನಿ ಕಣೋ!” ಎಂದು ಅವಳು ಚರ್ಚಿನ ಬಾಗಿಲಲ್ಲಿ ನಿಂತು ಕೂಗಿದ್ದನ್ನು ಅರ್ಧ ಊರು ಕೇಳಿತ್ತು.

ಅದಕ್ಕಿಂತ ಕೆಟ್ಟದ್ದೆಂದರೆ, ಆ ಸೋಮವಾರ ಅವಳನ್ನು ಟಾಲ್ಬಟ್‌ನಲ್ಲಿ ಯಾರೂ ಕಂಡಿರಲಿಲ್ಲ. ಎಲ್ಲಿದ್ದೆ ಎಂದು ನಾನು ಕೇಳಿ ಕೇಳಿ ಸೋತಿದ್ದೆ. ಆರೋಪಿ ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವಂತಿಲ್ಲ ಎನ್ನುತ್ತದೆ ನಮ್ಮ ಇಲಿನಾಯ್ ಕಾನೂನು; ಆದರೆ ಈ ಹೆಂಗಸು ತನ್ನ ವಕೀಲನಿಗೂ ಹೇಳಲೊಲ್ಲಳು. ಜೈಲಿನ ಕಿಟಕಿಯ ಬಳಿ ಕೂತು ಉಣ್ಣೆಯ ಕಾಲುಚೀಲ ಹೆಣೆಯುವಳು. “ನಮ್ಮ ಜೋನಾಗೆ. ತಮ್ಮ. ದೂರ ಹೊರಟಿದ್ದಾನೆ,” ಎನ್ನುವಳು. ಅಷ್ಟೇ.

ಇವತ್ತು ಸಂಜೆಯೊಳಗೆ ತೀರ್ಪು. ನಾಳೆ ಬೆಳಿಗ್ಗೆ ಜಡ್ಜಿ, ವಕೀಲರು, ಕುದುರೆಗಳು ಎಲ್ಲ ಮುಂದಿನ ಕೌಂಟಿಗೆ. ಸರ್ಕೀಟು ಕೋರ್ಟೆಂದರೆ ಹಾಗೆಯೇ: ಊರೂರು ಸುತ್ತುವ ನ್ಯಾಯ. ಬಂದಾಗ ಬಂತು, ಹೋದರೆ ಇನ್ನು ಶರತ್ಕಾಲಕ್ಕೆ. ಹೋಗುವ ಮುಂಚೆ ಜ್ಯೂರಿ ‘ತಪ್ಪಿತಸ್ಥಳು’ ಎಂದರೆ ಹುಲ್ಡಾ ಶರತ್ಕಾಲ ನೋಡುವುದಿಲ್ಲ.

“ಹಾರ್ಲೋದಲ್ಲಿ ಕೋರ್ಟು ನೋಡಿದಿರಿ,” ಎಂದೆ ನಾನು, ಸಕ್ಕರೆಯಂಥ ದನಿಯಲ್ಲಿ. “ಚೆನ್ನಾಗಿತ್ತಾ ವೈಯೆಟ್?”

“ಏನ್ ಕೇಳ್ತೀರಿ! ಕಾಲಿಡಕ್ಕೆ ಜಾಗ ಇರ್ಲಿಲ್ಲ. ಹೊರಗಡೆ ಕುದುರೆ ವ್ಯಾಪಾರ, ಒಳಗಡೆ ಕುದುರೆ ಕಳ್ಳ.”

ಜನ ನಕ್ಕರು. ನಾನೂ ನಕ್ಕೆ. ನಗಲಿ ಪಾಪ, ಇನ್ನು ಸ್ವಲ್ಪ ಹೊತ್ತು.

ಟಕ್.

ನನ್ನ ಎಡಗಡೆ ಥ್ಯಾಡಿಯಸ್ ಮೆರಿಟ್ ಅವರು ಅಕ್ರೋಟು ಒಡೆದರು. ನನಗೆ ಕಾನೂನು ಕಲಿಸಿದ ಗುರು. ಈ ಕೇಸಿನಲ್ಲಿ ನನ್ನ ಜೊತೆ ವಕೀಲರು. ಚಾಕುವಿನ ಹಿಡಿಯಿಂದ ಒಂದೇ ಪೆಟ್ಟು, ಕಾಯಿ ಎರಡು ಹೋಳು. ಕೋರ್ಟಿನಲ್ಲಿ ಬೇರೆ ಯಾರು ಆ ಸದ್ದು ಮಾಡಿದ್ದರೂ ಜಡ್ಜಿ ಸ್ಟ್ರೌಡ್ ಹೊರಗಟ್ಟುತ್ತಿದ್ದರು. ಮೆರಿಟ್ ಅವರಿಗೆ ಮಾತ್ರ ಮಾಫಿ. ಮೊನ್ನೆ ಜಡ್ಜಿಗೆ ಹಲ್ಲುನೋವು ಬಂದಾಗ ಪೀಠದಲ್ಲಿ ಕೂತು ಬೇಲಿ ಜಗಳ ಬಗೆಹರಿಸಿದ್ದೂ ಮೆರಿಟ್ ಅವರೇ. ಸರ್ಕೀಟಿನಲ್ಲಿ ಅದು ಮಾಮೂಲು. ಜಡ್ಜಿ “ಸ್ವಲ್ಪ ಕೂರ್ರೀ ಮೆರಿಟ್” ಅನ್ನುತ್ತಾರೆ, ಎರಡೂ ಕಡೆಯವರು ತಲೆಯಾಡಿಸುತ್ತಾರೆ, ಕೆಲಸ ಸಾಗುತ್ತದೆ.

ಮೆರಿಟ್ ಅವರು ನನ್ನ ಕೋಟಿನ ತೋಳು ಹಿಡಿದೆಳೆದರು. “ಸಾಕು ಅಸಾ. ಕೂತ್ಕೋ.”

“ಸಾಕಾ? ಈಗ ತಾನೇ ಶುರು ಯಜಮಾನ್ರೆ!”

“ಕೂತ್ಕೋ ಅಂದ್ನಲ್ಲ.”

ಮುದುಕರಿಗೆ ಧೈರ್ಯ ಕಮ್ಮಿಯಾಗಿದೆ ಅಂದುಕೊಂಡೆ. ತೋಳು ಬಿಡಿಸಿಕೊಂಡು ಮುಂದೆ ನಡೆದೆ.

ಆ ಸೋಮವಾರ ನಡೆದದ್ದನ್ನು ಹೇಳಿಬಿಡುತ್ತೇನೆ. ಹಾರ್ಲೋಗೆ ಹೋಗುವ ದಾರಿಯಲ್ಲಿ ಹಳೆ ಸೇತುವೆ ಬೇಡ, ನೀರು ಏರುತ್ತಿದೆ ಎಂದು ದಾರಿಹೋಕರೆಲ್ಲ ಹೇಳಿದರು. “ನನಗೆ ಈ ಸೀಮೆ ಅಂಗೈ ಇದ್ದಹಾಗೆ,” ಎಂದು ಜಡ್ಜಿ ಸ್ಟ್ರೌಡ್ ಆ ಸೇತುವೆಯ ಒಳದಾರಿಯನ್ನೇ ಹಿಡಿಸಿದರು. ನಾವು ತಲುಪುವ ಹೊತ್ತಿಗೆ ಸೇತುವೆಯೇ ಇರಲಿಲ್ಲ. ಜಡ್ಜಿ, ಡೆಲನಿ, ನಾನು, ಮೂವರೂ ಒಬ್ಬ ಜರ್ಮನ್ ರೈತನ ಕೊಟ್ಟಿಗೆಯಲ್ಲಿ ಹಂದಿಗಳ ಜೊತೆ ಎರಡು ದಿನ ಕಳೆದೆವು. ಜೋಳದ ಅಂಬಲಿ ಬಿಟ್ಟು ಬೇರೆ ಕಾಣಲಿಲ್ಲ. ಎರಡನೆಯ ದಿನ ಸಂಜೆಯೊಳಗೆ ಜಡ್ಜಿ ಮುಖ ತೋರಿಸದಿದ್ದರೆ ಆ ಊರಿಗೆ ಆ ಸಲದ ಕೋರ್ಟೇ ಇಲ್ಲ, ಹಾಗೆನ್ನುತ್ತದೆ ಕಾನೂನು. ಹಾರ್ಲೋ ಆಸೆ ಬಿಟ್ಟು, ಸುತ್ತುಬಳಸಿ ಟಾಲ್ಬಟ್‌ಗೆ ಬಂದೆವು. ಹಂದಿಗಳ ವಿಷಯ ಯಾರಿಗೂ ಹೇಳಕೂಡದೆಂದು ಜಡ್ಜಿ ನಮ್ಮಿಂದ ಭಾಷೆ ತೆಗೆದುಕೊಂಡರು.

ಮೆರಿಟ್ ಅವರು ನಮ್ಮ ಜೊತೆ ಇರಲಿಲ್ಲ. ಸೊಂಟನೋವೆಂದು ಮೊದಲೇ ಹೊರಟು ತಂಗಿಯ ಮನೆಗೆ ಹೋಗಿದ್ದರು. ಟಾಲ್ಬಟ್‌ನಲ್ಲಿ ನಮ್ಮನ್ನು ಕೂಡಿಕೊಂಡರು.

ಇಲ್ಲಿನ ಹೋಟೆಲಿನವನು ಮೊದಲ ದಿನವೇ ಹಂದಿಮಾಂಸದ ತಟ್ಟೆ ಇಡುತ್ತಾ, “ಹಾರ್ಲೋದಲ್ಲಿ ಬಹಳ ಒಳ್ಳೆ ತೀರ್ಪು ಕೊಟ್ರಂತಲ್ಲ ಸ್ವಾಮಿ,” ಎಂದಿದ್ದ. ಗುಟ್ಟು ರಟ್ಟಾಗಿದೆ, ಇವನು ಅಣಕಿಸುತ್ತಿದ್ದಾನೆ ಎಂದು ಜಡ್ಜಿ ತಟ್ಟೆ ತಳ್ಳಿ ಎದ್ದುಹೋಗಿದ್ದರು. ಆ ಪಾಲನ್ನು ನಾನೂ ಡೆಲನಿಯೂ ಹಂಚಿಕೊಂಡು ತಿಂದಿದ್ದೆವು. ಆಗ ಅದರ ಬಗ್ಗೆ ಇನ್ನೊಂದು ಗಳಿಗೆ ಯೋಚಿಸಬೇಕಿತ್ತು.

“ಷೆರೀಫ್ ಬಾಗಿಲಲ್ಲಿ ನಿಂತು ಕೂಗು ಹಾಕಿದರೋ?” ಎಂದು ವೈಯೆಟ್‌ನನ್ನು ಕೇಳಿದೆ.

“ಹಾಕಿದ್ರು. ‘ಕೇಳ್ರಪ್ಪೋ ಕೇಳ್ರಿ’ ಅಂತ, ಮೂರು ಸಲ.”

ಇದನ್ನು ಯಾರು ಬೇಕಾದರೂ ಹೇಳಬಹುದು. ಜಡ್ಜಿ ಬರಲಿ ಬಿಡಲಿ, ಷೆರೀಫ್ ಕೂಗುತ್ತಾನೆ.

“ಆಮೇಲೆ?”

“ಆಮೇಲೆ ಕೇಸು ನಡೀತು. ಜೋನಾ ಗ್ರಿಯರ್ ಅಂತ ಒಬ್ಬ, ಕುದುರೆ ಕದ್ದ ಅಂತ ಹಿಡಿದಿದ್ರು. ಊರೋರು ಹಗ್ಗ ತಂದಿಟ್ಕೊಂಡಿದ್ರು ಸ್ವಾಮಿ. ಇವತ್ತು ಕೋರ್ಟು ನಡೀದೆ ಇದ್ರೆ ನಾವೇ ನಡೆಸ್ತೀವಿ ಅಂತ ಮರದ ಕೆಳಗೆ ಕೂತಿದ್ರು. ಆದ್ರೆ ಸಾಕ್ಷಿಯೇ ಇಲ್ಲ ಅಂತ ಬಿಟ್ಟು ಕಳ್ಸಿದ್ರು.”

“ಯಾರು ಬಿಟ್ಟು ಕಳಿಸಿದ್ದು?”

“ಕುರ್ಚಿ ಮೇಲೆ ಕೂತಿದ್ದೋರು.”

ಡೆಲನಿ ಮುಖ ಮೇಲೆತ್ತಿದ. ರಾತ್ರಿಯೆಲ್ಲ ಹೋಟೆಲಿನಲ್ಲಿ ನನ್ನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ ಕಂಬಳಿ ಎಳೆದುಕೊಳ್ಳುವವನು. ಹಗಲು ನನ್ನ ಕಕ್ಷಿದಾರಳ ಕೊರಳಿಗೆ ಹಗ್ಗ ಹೆಣೆಯುವವನು. ಸಾಕ್ಷಿ ಅವನದು. ಆ ಸಾಕ್ಷಿ ಸುಳ್ಳು ಹೇಳುತ್ತಿದೆ ಎಂದು ಅವನಿಗೂ ಗೊತ್ತಾಗಿತ್ತು. ಪಾಪ, ಮುಖ ಹುಳಿ ಮಜ್ಜಿಗೆ ಕುಡಿದವನ ಹಾಗಾಗಿತ್ತು.

ನಾನು ಪೀಠದ ಕಡೆ ತಿರುಗಿದೆ. “ಮಹಾಸ್ವಾಮಿ, ಆ ಸೋಮವಾರ ಹಾರ್ಲೋದಲ್ಲಿ ಕೋರ್ಟು ನಡೆಯಿತೇ ಇಲ್ಲವೇ ಎಂಬುದು ತಮಗೆ ಸ್ವತಃ ಗೊತ್ತಿರುವ—”

“ಕೋರ್ಟಿಗೆ ಏನೂ ಗೊತ್ತಿಲ್ಲ!” ಜಡ್ಜಿ ಸ್ಟ್ರೌಡ್ ಕೆಂಪಗಾದರು. “ನಾನು ಇಲ್ಲಿ ಜಡ್ಜಿ ರೀ, ಸಾಕ್ಷಿ ಅಲ್ಲ. ನಿಮಗೆ ಬೇಕಾದ್ದನ್ನ ಸಾಕ್ಷಿ ಬಾಯಿಂದ ತೆಗೀರಿ. ನನ್ನ ಬಾಯಿಗೆ ಕೈ ಹಾಕ್ಬೇಡಿ.”

ನೋಡಿ ನಮ್ಮ ಪಾಡು. ಈ ಕೋಣೆಯಲ್ಲಿ ಸತ್ಯ ಬಲ್ಲವರು ಮೂವರು. ಮೂವರೂ ಕೋರ್ಟಿನ ಒಳಗಿನವರು. ಹೊರಗಿನವನೊಬ್ಬನ ಬಾಯಿಂದಲೇ ಅದು ಬರಬೇಕು.

ಸರಿ, ಬರಿಸುತ್ತೇನೆ.

ಮತ್ತೆ ತೋಳು ಜಗ್ಗಿತು. ಈ ಸಲ ಜೋರಾಗಿ. “ಅಸಾ, ನಾನು ಹೇಳಿಕೊಟ್ಟ ಮೊದಲನೇ ಪಾಠ ಏನೋ? ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳ್ಬಾರ್ದು.”

“ಉತ್ತರ ಗೊತ್ತಿದೆ ಯಜಮಾನ್ರೆ. ನೋಡ್ತಾ ಇರಿ.”

ಹುಲ್ಡಾಳ ಮುಖ ಸುಣ್ಣದಂತಾಗಿತ್ತು. ನಾನು ಅವಳತ್ತ ನೋಡಿ ಕಣ್ಣು ಮಿಟುಕಿಸಿದೆ. ಅವಳು ತಲೆ ಅಡ್ಡಡ್ಡ ಆಡಿಸಿದಳು. ಅದನ್ನೂ ನಾನು ಹೆದರಿಕೆ ಎಂದೇ ಎಣಿಸಿದೆ. ಗೆಲುವಿನ ವಾಸನೆ ಮೂಗಿಗೆ ಬಡಿದ ವಕೀಲನಿಗೆ ಬೇರೇನೂ ಕಾಣುವುದಿಲ್ಲ.

“ವೈಯೆಟ್,” ಎಂದೆ, ಜ್ಯೂರಿಗೆ ಕೇಳುವಂತೆ ಒಂದೊಂದೇ ಮಾತು ಬಿಡಿಸಿ. “ಚಳಿಗಾಲದಲ್ಲಿ ಶಾಸನಸಭೆ ಸರ್ಕೀಟುಗಳ ಗಡಿ ಬದಲಾಯಿಸಿದೆ. ಹಾರ್ಲೋ ಈಗ ನಮ್ಮ ಸರ್ಕೀಟಿಗೆ ಸೇರಿದೆ. ಗೊತ್ತೋ?”

“ಗೊತ್ತು. ನೋಟೀಸು ಹಚ್ಚಿದ್ರಲ್ಲ.”

“ಅಂದರೆ ಹಾರ್ಲೋದಲ್ಲಿ ಕೂರಬೇಕಾದ ಜಡ್ಜಿ ಇವರೊಬ್ಬರೇ. ಬೇರೆ ಯಾವ ಜಡ್ಜಿಯೂ ಅಲ್ಲ.”

“ಹೌದು.”

“ನೀವು ಜಡ್ಜಿ ಸ್ಟ್ರೌಡ್ ಅವರನ್ನು ಬಲ್ಲಿರಿ.”

“ಹುಟ್ಟಿದಾಗ್ಲಿಂದ ನೋಡ್ತಿದೀನಿ. ನಮ್ಮೂರಿಗೆ ವರ್ಷಕ್ಕೆ ಎರಡು ಸಲ ಬರೋರು.”

“ಸಂತೋಷ. ಹಾಗಾದರೆ ಹೇಳಿ!” ನನ್ನ ದನಿ ಸೂರಿಗೆ ಬಡಿಯಿತು. “ಆ ಸೋಮವಾರ ಜಡ್ಜಿ ಸ್ಟ್ರೌಡ್ ಅವರು ಹಾರ್ಲೋದ ಕುರ್ಚಿಯಲ್ಲಿ ಕೂತದ್ದನ್ನು ಕಣ್ಣಾರೆ ಕಂಡಿರೋ?”

ಹೌದು ಅನ್ನಲಿ, ಅವನು ಮುಗಿದ. ಜರ್ಮನ್ ರೈತನನ್ನು ಕರೆಸಲು ನನ್ನ ಕುದುರೆ ಹೊರಗೇ ನಿಂತಿತ್ತು.

“ಇಲ್ಲ,” ಎಂದ ವೈಯೆಟ್.

“ಇಲ್ಲ?”

“ಇವರು ಎಲ್ಲಿದ್ರು? ಬಂದಿರ್ಲಿಲ್ಲ.”

ಜನ ಗುಜುಗುಜು ಎಂದರು. ನನಗೆ ಕಾಲ ಕೆಳಗೆ ಹಲಗೆ ಸ್ವಲ್ಪ ಅಲುಗಿದಂತಾಯಿತು. ಆದರೂ ಬಿಡಲಿಲ್ಲ. “ಮತ್ತೆ ಆ ಕುರ್ಚಿಯಲ್ಲಿ ಕೂತವರು ಯಾರು? ಆಕಾಶದಿಂದ ಇಳಿದರೋ?”

ಆಗ ನನಗೆ ಒಂದು ವಿಷಯ ಗಮನಕ್ಕೆ ಬಂತು. ಅಕ್ರೋಟು ಒಡೆಯುವ ಸದ್ದು ನಿಂತುಹೋಗಿತ್ತು.

“ಯಾಕೆ ವಕೀಲ್ರೆ ಹಿಂಗೆ ಕೇಳ್ತೀರಿ?” ವೈಯೆಟ್‌ಗೆ ನಿಜವಾಗಿ ಆಶ್ಚರ್ಯ. ಕೈ ನೀಡಿ ನನ್ನ ಎಡಕ್ಕೆ ತೋರಿಸಿದ. “ನಿಮ್ಮ ಪಕ್ಕದಲ್ಲೇ ಇದ್ದಾರಲ್ಲ. ಮೆರಿಟ್ ಯಜಮಾನ್ರು. ಜಡ್ಜಿ ಬರ್ದೇ ಇದ್ರೆ ಇವರು ಕೂರೋದು ಮಾಮೂಲಲ್ವಾ? ಮೊನ್ನೆ ಇಲ್ಲೇ ಕೂತಿರ್ಲಿಲ್ವಾ?”

ಮೆರಿಟ್ ಅವರು ಚಾಕು ಮಡಿಸಿ ಮೇಜಿನ ಮೇಲಿಟ್ಟರು.

ಟಾಲ್ಬಟ್‌ನವನಾದ ವೈಯೆಟ್‌ಗೆ ಅದರಲ್ಲಿ ವಿಶೇಷವೇ ಇರಲಿಲ್ಲ. ಪೀಠದ ಮೇಲೆ ಮೆರಿಟ್ ಅವರನ್ನು ನೋಡಿ ನೋಡಿ ಅಭ್ಯಾಸ. ಹಾರ್ಲೋದವರಿಗಾದರೋ ಇದು ಹೊಸ ಸರ್ಕೀಟು, ಜಡ್ಜಿ ಸ್ಟ್ರೌಡ್ ಅವರ ಮುಖ ಕಂಡವರೇ ಇಲ್ಲ. ತಂಗಿಯ ಮನೆಯಿಂದ ನಮ್ಮನ್ನು ಹುಡುಕಿಕೊಂಡು ಬಂದ ಬಿಳಿ ಕೂದಲ, ಗಂಭೀರ ಮುಖದ ಮುದುಕರು ಕುದುರೆಯಿಂದ ಇಳಿದಾಗ ಯಾರೋ “ಬನ್ನಿ ಜಡ್ಜಿ ಸಾಹೇಬ್ರೆ” ಎಂದಿರಬೇಕು. ಮರದ ಕೆಳಗೆ ಹಗ್ಗ ಕಂಡ ಮುದುಕರು “ಅಲ್ಲ” ಅನ್ನದೆ ಒಳಗೆ ನಡೆದಿರಬೇಕು.

ಪೀಠದ ಮೇಲಿಂದ ದನಿ ಬಂತು. ಮೆತ್ತಗೆ ಬಂತು, ಅದಕ್ಕೇ ಹೆದರಿಕೆಯಾಯಿತು. “ನಾನು ಹಾರ್ಲೋದಲ್ಲಿ ಯಾರನ್ನೂ ನನ್ನ ಕುರ್ಚಿ ಮೇಲೆ ಕೂರಿಸಿರಲಿಲ್ಲ.”

ಜಡ್ಜಿ ಎದುರಿಗಿದ್ದು, ಎರಡೂ ಕಡೆಯವರು ಒಪ್ಪಿ, ಬೇಲಿ ಜಗಳಕ್ಕೆ ಕೂರುವುದು ಬೇರೆ. ಜಡ್ಜಿಯ ಹೆಸರು ಹೊತ್ತು ಕೂತು, ಜೈಲಿನಲ್ಲಿದ್ದವನನ್ನು ಬಿಟ್ಟು ಕಳಿಸುವುದು ಬೇರೆ. ಮೊದಲನೆಯದು ಪದ್ಧತಿ. ಎರಡನೆಯದಕ್ಕೆ ಸೆರೆಮನೆ. ಆ ಬಿಡುಗಡೆಗೂ ಬೆಲೆಯಿಲ್ಲ; ಹಿಡಿದರೆ ಜೋನಾ ಮತ್ತೆ ಹಾರ್ಲೋಗೆ, ಆ ಮರದ ಕೆಳಗಿನವರ ಕೈಗೆ.

ಜೋನಾ.

ಜೈಲಿನ ಕಿಟಕಿ. ಉಣ್ಣೆಯ ಕಾಲುಚೀಲ. ನಮ್ಮ ಜೋನಾಗೆ.

ಪ್ರಶ್ನೆ ತಾನಾಗಿಯೇ ಹೊರಬಿತ್ತು. “ವೈಯೆಟ್, ಆ ಜೋನಾನ ಕಡೆಯವರು ಯಾರಾದರೂ ಇದ್ದರೋ?”

“ಒಬ್ಬಳು ಹೆಂಗಸು ಇದ್ಲು. ಮುಂದಿನ ಬೆಂಚಲ್ಲಿ. ನಾನು ಹಿಂದಿನಿಂದ ನೋಡಿದ್ದು, ಮುಖ ಕಾಣ್ಲಿಲ್ಲ. ನೀಲಿ ಬಿಸಿಲುಟೋಪಿ ಹಾಕ್ಕೊಂಡಿದ್ಲು. ಬಿಟ್ಟೆ ಅಂದ ತಕ್ಷಣ ಅವನನ್ನ ತಬ್ಕೊಂಡು ಅತ್ಲು ನೋಡಿ... ನನಗೂ ಕಣ್ಣಲ್ಲಿ ನೀರು ಬಂತು.”

ಹುಲ್ಡಾಳ ನೀಲಿ ಟೋಪಿ ಜೈಲಿನ ಮೊಳೆಗೆ ನೇತಾಡುತ್ತಿದ್ದುದನ್ನು ನಾನು ದಿನಾ ಕಂಡಿದ್ದೆ.

ಎಂಥ ಹೆಂಗಸು! ಆ ಸೋಮವಾರ ಎಲ್ಲಿದ್ದಳೆಂದು ಹೇಳಿದರೆ ಅವಳ ಜೀವ ಉಳಿಯುತ್ತಿತ್ತು. ಹೇಳಿದರೆ ತಮ್ಮನ ಜೀವ ಹೋಗುತ್ತಿತ್ತು, ತಮ್ಮನನ್ನು ಉಳಿಸಿದ ಮುದುಕರ ಮಾನ ಹೋಗುತ್ತಿತ್ತು. ಅದಕ್ಕೇ ತುಟಿ ಹೊಲಿದುಕೊಂಡು ಕಾಲುಚೀಲ ಹೆಣೆಯುತ್ತಿದ್ದಳು. ನನಗೆ ಅಳುವೂ ಬಂತು, ಕೋಪವೂ ಬಂತು, ಅವಳ ಕಾಲಿಗೆ ಬೀಳೋಣ ಎಂದೂ ಅನ್ನಿಸಿತು.

ಆದರೆ ಹಿಂದಿನಿಂದ ಕಂಡ ಒಂದು ಟೋಪಿ ಸಾಕ್ಷಿಯಾಗುವುದಿಲ್ಲ. ಆ ಮುಖವನ್ನು ಎದುರಿನಿಂದ, ಎತ್ತರದಿಂದ, ದಿನವಿಡೀ ನೋಡಿದವರು ಈ ಕೋಣೆಯಲ್ಲಿ ಒಬ್ಬರೇ.

“ಪ್ರಿಚೆಟ್, ನಿಮ್ಮ ಮುಂದಿನ ಸಾಕ್ಷಿ ಯಾರು?” ಎಂದು ಜಡ್ಜಿ ನನ್ನನ್ನು ಕೇಳಿದರು.

ಹುಲ್ಡಾ ಪಿಸುಗುಟ್ಟಿದಳು. “ಬೇಡ ವಕೀಲಪ್ಪ. ನಿನ್ನ ದಮ್ಮಯ್ಯ. ಬೇಡ.”

ನಾನು ನನ್ನ ಗುರುವಿನ ಕಡೆ ನೋಡಿದೆ. ಮೆರಿಟ್ ಅವರು ಅಕ್ರೋಟಿನ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

“ಥ್ಯಾಡಿಯಸ್ ಮೆರಿಟ್,” ಎಂದೆ.

ವೈಯೆಟ್ ಕಟಕಟೆ ಇಳಿದು ಪಕ್ಕಕ್ಕೆ ಸರಿದ. ಮೆರಿಟ್ ಅವರು ಎದ್ದರು. ಸೊಂಟ ಹಿಡಿದುಕೊಂಡು ನಿಧಾನವಾಗಿ ನಡೆದುಹೋದರು. ಬೈಬಲ್ ಮೇಲೆ ಕೈಯಿಟ್ಟರು. ಈ ಸೀಮೆಯಲ್ಲಿ ಅವರ ಮಾತನ್ನು ಅನುಮಾನಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಜ್ಯೂರಿಯ ಕಣ್ಣುಗಳು ಅವರ ಮುಖಕ್ಕೆ ಅಂಟಿಕೊಂಡವು.

“ಯಜಮಾನ್ರೆ,” ಎಂದೆ. “ಆ ಸೋಮವಾರ ಹಾರ್ಲೋ ಕೋರ್ಟಿನಲ್ಲಿ ನೀವು ಯಾರನ್ನು ಕಂಡಿರಿ? ಹೇಳಿಬಿಡಿ.”

ಮೆರಿಟ್ ಅವರು ಹುಲ್ಡಾಳನ್ನು ನೋಡಿದರು. ಆಮೇಲೆ ನನ್ನನ್ನು. ಆಮೇಲೆ ಜ್ಯೂರಿಯ ಕಡೆ ತಿರುಗಿ, ಒಂದಿಷ್ಟೂ ನಡುಗದ ದನಿಯಲ್ಲಿ ಹೇಳಿದರು.

“ಯಾರನ್ನೂ ಕಾಣಲಿಲ್ಲ. ನಾನು ಆ ಸೋಮವಾರ ಹಾರ್ಲೋಗೆ ಹೋಗಿಯೇ ಇಲ್ಲ. ಈ ವೈಯೆಟ್ ಹೇಳಿದ್ದು ಮೊದಲಿನಿಂದ ಕೊನೆಯವರೆಗೂ ಸುಳ್ಳು.”

ಕೋಣೆ ಹೋ ಎಂದಿತು. ಹಿಂದಿನ ಸಾಲಿನಿಂದ ಯಾರೋ, “ಬೀಗದ ಕೈ ಇದ್ದದ್ದು ಅವನ ಹತ್ತಿರಾನೇ ಕಣ್ರೋ!” ಎಂದು ಕೂಗಿದರು. ಇನ್ನೊಬ್ಬ, “ಕೊಂದೋನು ಅವನೇ!” ಎಂದ. ಜ್ಯೂರಿಯ ಹನ್ನೆರಡೂ ತಲೆಗಳು ಹುಲ್ಡಾಳನ್ನು ಬಿಟ್ಟು ವೈಯೆಟ್ ಕಡೆಗೆ ತಿರುಗಿದವು. ಡೆಲನಿ ಕೈಸನ್ನೆ ಮಾಡಿದ. ಷೆರೀಫ್ ಹೋಗಿ ಬಾಗಿಲಿಗೆ ಅಡ್ಡ ನಿಂತ.

ಬೆಳಿಗ್ಗೆಯಿಂದ ನಾನು ಬಯಸಿದ್ದು ಇದನ್ನೇ. ಹುಲ್ಡಾ ಉಳಿದಳು. ಜೋನಾ ಉಳಿದ. ನನ್ನ ಗುರು ಉಳಿದರು. ಬೋನಿನಲ್ಲಿ ವೈಯೆಟ್ ಒಬ್ಬನೇ ಇದ್ದ, ಮತ್ತು ಅವನು ಆಡಿದ್ದೆಲ್ಲ ನಿಜವಾಗಿತ್ತು.

“ವಕೀಲ್ರೆ,” ಎಂದ ವೈಯೆಟ್. ಮುಖದಲ್ಲಿ ರಕ್ತವಿರಲಿಲ್ಲ. “ನಾನು ನಿಮಗೆ ಆಗದವನೇ ಇರಬಹುದು. ಆದ್ರೂ ನೀವೇ ಹೇಳಿ. ನಾನು ಸುಳ್ಳು ಹೇಳಿದ್ನಾ?”

ಜಡ್ಜಿ ಸ್ಟ್ರೌಡ್ ಸುತ್ತಿಗೆ ಬಡಿದು ಸದ್ದಡಗಿಸಿದರು. ಅವರ ಕಣ್ಣು ನನ್ನ ಮೇಲಿತ್ತು.

“ಈ ಸಾಕ್ಷಿಗೆ ಇನ್ನೇನಾದರೂ ಕೇಳುವುದಿದೆಯೇ ಪ್ರಿಚೆಟ್? ಇಲ್ಲವಾದರೆ ಇಲ್ಲ ಎನ್ನಿ. ನಾನು ಜ್ಯೂರಿಯನ್ನು ತೀರ್ಪಿಗೆಂದು ಒಳಗೆ ಕಳಿಸುತ್ತೇನೆ.”

ನಾನು ಬಾಯಿ ತೆರೆದೆ. ನನ್ನ ಕೋಟಿನ ತೋಳು ಜಗ್ಗಿತು. ಮೆರಿಟ್ ಅವರು ಕಟಕಟೆಯಲ್ಲಿದ್ದರು. ಈ ಸಲ ಎಳೆದದ್ದು ಹುಲ್ಡಾ.